ಬ್ಯಾಕಪ್ ವೇಳೆ ಸರ್ವರ್ ರೀಬೂಟ್: ಕಾರಣ ಸಿಕ್ಕಿದ್ದು ಹೀಗೆ

ಎರಡು ಪ್ರೊಸೆಸರ್‌ಗಳ ಲಿನಕ್ಸ್ ಸರ್ವರೊಂದು ರಾತ್ರಿ ಬ್ಯಾಕಪ್ ನಡೆಯುವಾಗ ತಾನಾಗಿಯೇ ರೀಬೂಟ್ ಆಗುತ್ತಿತ್ತು. ಸಿಸ್ಟಂ ಲಾಗ್ ಅರ್ಧಕ್ಕೇ ನಿಂತಿರುತ್ತಿತ್ತು. ಪವರ್ ಸಪ್ಲೈ ಬದಲಿಸಿದ್ದಾಗಲಿ, ಕರ್ನೆಲ್ ಅಪ್‌ಡೇಟ್ ಆಗಲಿ, ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಆಗಲಿ ಫಲ ಕೊಡಲಿಲ್ಲ. ಒಂದು ಬಿಟ್‌ನ ತಪ್ಪನ್ನು ಇಸಿಸಿ ಮೆಮೊರಿ ತಾನೇ ಸರಿಪಡಿಸಿಬಿಡುವುದರಿಂದ ಮೆಮ್‌ಟೆಸ್ಟ್‌ಗೆ ಅದು ಕಾಣದೇ ಹೋಗಬಹುದು.

ದಾರಿ ತೋರಿಸಿದ್ದು ಬಿಎಂಸಿಯ, ಅಂದರೆ ಸರ್ವರ್‌ನ ಹಾರ್ಡ್‌ವೇರ್ ಮೇಲೆ ಕಣ್ಣಿಡುವ ಪ್ರತ್ಯೇಕ ಚಿಪ್‌ನ, ಈವೆಂಟ್ ಲಾಗ್. ಅದನ್ನು ಓದಲು ‘ಐಪಿಎಂಐಟೂಲ್ ಸೆಲ್ ಈಲಿಸ್ಟ್’ (ipmitool sel elist) ಕಮಾಂಡ್ ಕೊಟ್ಟಾಗ ಇಸಿಸಿ ದೋಷದ ಸಾಲುಗಳೆಲ್ಲ ಎರಡನೆಯ ಪ್ರೊಸೆಸರ್‌ಗೆ ಸೇರಿದ ಬಿ2 ಎಂಬ ಮೆಮೊರಿ ಸ್ಲಾಟನ್ನೇ ಹೆಸರಿಸುತ್ತಿದ್ದವು. ಅಷ್ಟಕ್ಕೇ ಹೊಸ ರ‍್ಯಾಮ್ ತರಿಸುವುದು ಆತುರವಾದೀತು. ಮೊದಲು ಲಾಗನ್ನು ಉಳಿಸಿಕೊಂಡು ಅದನ್ನು ಖಾಲಿ ಮಾಡುವ ‘ಸೆಲ್ ಕ್ಲಿಯರ್’ ಕೊಟ್ಟು, ಸರ್ವರ್ ಆಫ್ ಮಾಡಿ, ಎರಡೂ ಪವರ್ ಕೇಬಲ್ ತೆಗೆದು, ಎ2 ಮತ್ತು ಬಿ2 ಸ್ಲಾಟ್‌ಗಳ ಮೆಮೊರಿ ಮಾಡ್ಯೂಲ್‌ಗಳನ್ನು ಅದಲುಬದಲು ಮಾಡಿ, ಅದೇ ಬ್ಯಾಕಪ್ಪನ್ನು ಮತ್ತೆ ಓಡಿಸಬೇಕು. ದೋಷ ಎ2ಗೆ ಹೋದರೆ ಕೆಟ್ಟಿರುವುದು ಮಾಡ್ಯೂಲ್. ಬಿ2ನಲ್ಲೇ ಉಳಿದರೆ ಸ್ಲಾಟ್ ಅಥವಾ ಪ್ರೊಸೆಸರ್ ಸಾಕೆಟನ್ನು ಶಂಕಿಸಬೇಕು. ಇಲ್ಲಿ ಅದು ಬಿ2ನಲ್ಲೇ ಉಳಿಯಿತು. ಎರಡನೆಯ ಪ್ರೊಸೆಸರ್ ಎತ್ತಿ ನೋಡಿದಾಗ ಸಾಕೆಟ್‌ನ ಅಂಚಿನ ಪಿನ್ನೊಂದು ಬಾಗಿತ್ತು. ಮದರ್‌ಬೋರ್ಡ್ ಬದಲಿಸಿದ ಮೇಲೆ, ಹಳೆಯ ರ‍್ಯಾಮ್‌ನಲ್ಲೇ, ಈವೆಂಟ್ ಲಾಗ್ ಖಾಲಿಯಾಗಿಯೇ ಇದೆ.