ಬೀಟಲ್ ಕಾರಿನ ಆಯಿಲ್ ಕೂಲರ್ ಫ್ಯಾನಿಗೆ ನಾನು ಕರೆಂಟ್ ಕೊಟ್ಟ ಬಗೆ

ಹೆಬ್ಬಾಳದ ಸಿಗ್ನಲ್‌ನಲ್ಲಿ ನಿಂತಿದ್ದೆ. ಹಿಂದೆ ಆಯಿಲ್ ಕೂಲರ್ ಫ್ಯಾನ್ ತಿರುಗುತ್ತಿತ್ತು, ಆದರೆ ಇಂಜಿನ್ ಮಿಸ್ ಹೊಡೆಯಲು ಶುರುವಾಯಿತು. ಬದಿಗೆ ಹಾಕಿ ಆಫ್ ಮಾಡೋಣ ಅಂತ ಕೀ ಹಿಡಿದರೆ ಅದರ ಬುಡ ಬೆಚ್ಚಗಾಗಿತ್ತು. ಡ್ಯಾಶ್ ಕೆಳಗೆ ಕೈ ಹಾಕಿದೆ. ಸ್ವಿಚ್ಚಿಗೆ ಬರುವ ವೈರು ಮುಟ್ಟಲಾಗದಷ್ಟು ಬಿಸಿ.

ನನ್ನದು 1969ರ ಫೋಕ್ಸ್‌ವ್ಯಾಗನ್ ಬೀಟಲ್, 1300 ಇಂಜಿನ್. ಕಾರಿನ ಹಿಂಬದಿಯಲ್ಲಿ ಕೂತು ಗಾಳಿಯಿಂದ ತಣಿಯುವ ಇಂಜಿನ್ ಇದು, ರೇಡಿಯೇಟರ್ ಇಲ್ಲ. ಹಾಗಾಗಿ ಬಿಸಿಯನ್ನು ಹೊರಗೆ ಹಾಕುವ ಕೆಲಸದಲ್ಲಿ ಆಯಿಲ್‌ದು ದೊಡ್ಡ ಪಾಲು. ಕಂಪನಿ ಕೊಟ್ಟ ಸಣ್ಣ ಕೂಲರ್ ಒಳಗೇ ಇದೆ. ಆದರೂ ನಂದಿ ಬೆಟ್ಟ ಹತ್ತುವಾಗ ಆಯಿಲ್ ಬಿಸಿ ತೋರಿಸುವ ನನ್ನ ಮೀಟರ್ 120 ಡಿಗ್ರಿ ದಾಟುತ್ತಿತ್ತು. ಅದಕ್ಕೇ ಹೊರಗಡೆ ಇನ್ನೊಂದು ಕೂಲರ್, ಅದಕ್ಕೊಂದು ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿದೆ.

ವೈರಿಂಗ್ ಮಾಡಿದವರು, "ಸಾರ್, ಇಲ್ಲೇ ಕಾಯಿಲ್ ಹತ್ರ ಕರೆಂಟ್ ಇದೆಯಲ್ಲ, ಇಲ್ಲಿಂದಲೇ ತಗೊಳ್ಳೋಣ" ಅಂದರು. ಕಾಯಿಲ್ ಅಂದರೆ ಇಂಜಿನ್‌ಗೆ ಕಿಡಿ ಹೊಡೆಸುವ ಇಗ್ನಿಷನ್ ಕಾಯಿಲ್. ಕೀ ಆನ್ ಮಾಡಿದರೆ ಫ್ಯಾನ್ ಆನ್, ಆಫ್ ಮಾಡಿದರೆ ಆಫ್. ಕೇಳೋಕೆ ಚೆನ್ನಾಗಿದೆ ಅಲ್ವಾ? ನಾನೂ ಒಪ್ಪಿಕೊಂಡೆ. ಆದರೆ ಕಾಯಿಲ್‌ನ 15ನೇ ನಂಬರ್ ಟರ್ಮಿನಲ್‌ಗೆ ಬರುವ ಆ ಕಪ್ಪು ವೈರು ಮುಂದುಗಡೆ ಇರುವ ಇಗ್ನಿಷನ್ (ಕೀ) ಸ್ವಿಚ್‌ನಿಂದ ಇಡೀ ಕಾರು ದಾಟಿ ಹಿಂದಕ್ಕೆ ಬರುತ್ತದೆ. ಕಾಯಿಲ್‌ಗೂ, ತಣ್ಣಗಿರುವ ಇಂಜಿನ್‌ಗೆ ಪೆಟ್ರೋಲ್ ಜಾಸ್ತಿ ಕೊಡಿಸುವ ಆಟೋ ಚೋಕ್‌ಗೂ ಅದೇ ವೈರು. ಬೀಟಲ್‌ನಲ್ಲಿ ಅದಕ್ಕೆ ಫ್ಯೂಸೇ ಇಲ್ಲ! ಐವತ್ತು ವರ್ಷ ದಾಟಿದ ವೈರಿನ ಮೇಲೆ ಇನ್ನೂ 8 ಆಂಪಿಯರ್ ಹೇರಿದ್ದೆವು. ಮನೆಗೆ ಬಂದು ಮಲ್ಟಿಮೀಟರ್ ಹಿಡಿದೆ. ಬ್ಯಾಟರಿಯಲ್ಲಿ 12.4 ವೋಲ್ಟ್, ಕಾಯಿಲ್‌ನಲ್ಲಿ 10.3. ಎರಡು ವೋಲ್ಟ್ ದಾರಿಯಲ್ಲೇ ಬಿಸಿಯಾಗಿ ಹೋಗುತ್ತಿತ್ತು. ಕಾಯಿಲ್‌ಗೆ ವೋಲ್ಟೇಜ್ ಕಮ್ಮಿಯಾದರೆ ಕಿಡಿಯೂ ಸಣ್ಣದು. ಮಿಸ್ ಹೊಡೆಯದೆ ಇನ್ನೇನು ಮಾಡೀತು?

ಆ ಭಾನುವಾರ ಎಲ್ಲವನ್ನೂ ಕಿತ್ತು ನಾನೇ ಮೊದಲಿಂದ ಮಾಡಿದೆ.

ಬ್ಯಾಟರಿಯ ನೆಗೆಟಿವ್ ಬಿಚ್ಚದೆ ಯಾವ ವೈರನ್ನೂ ಮುಟ್ಟಲಿಲ್ಲ. ಬೀಟಲ್‌ನ ಬ್ಯಾಟರಿ ಹಿಂದಿನ ಸೀಟಿನ ಅಡಿಯಲ್ಲಿ ಇರುತ್ತದೆ, ಕೂಲರ್‌ಗೆ ಬಹಳ ಹತ್ತಿರ. ಪಾಸಿಟಿವ್‌ನಿಂದ 2.5 ಸ್ಕ್ವೇರ್ ಎಂಎಂ ಕೆಂಪು ವೈರು ಎಳೆದೆ. ಅದು ಹೊರಟು ಒಂದು ಗೇಣು ಆಗುವಷ್ಟರಲ್ಲಿ 15 ಆಂಪಿಯರ್ ಫ್ಯೂಸ್. ಫ್ಯೂಸನ್ನು ಇಲ್ಲಿ ಬಿಟ್ಟು ಫ್ಯಾನ್ ಪಕ್ಕದಲ್ಲಿ ಹಾಕುವವರೂ ಇದ್ದಾರೆ. ಹಾಗೆ ಮಾಡಿದರೆ ಬ್ಯಾಟರಿಯಿಂದ ಫ್ಯೂಸ್‌ವರೆಗಿನ ವೈರಿಗೆ ಕಾವಲೇ ಇಲ್ಲ. ಎಲ್ಲೋ ತಗಡಿಗೆ ಉಜ್ಜಿ ತೊಗಲು ಹರಿದರೆ ಬೆಂಕಿ. ವೈರು ತಗಡು ದಾಟುವ ತೂತಿಗೆ ರಬ್ಬರ್ ಬುಷ್ ಹಾಕಿದ್ದೇನೆ. ವೈರನ್ನು ಜೆಸಿ ರಸ್ತೆಯಲ್ಲಿ ತಂದೆ, ಗಾಡಿಗಳಿಗೇ ಅಂತ ಬರುವ ಸಣ್ಣ ಎಳೆಗಳ ವೈರು. ಮನೆ ವೈರಿಂಗಿನ ಗಟ್ಟಿ ಒಂಟಿ ಎಳೆ ಇಲ್ಲಿ ಬೇಡ, ಅದುರಿ ಅದುರಿ ತುಂಡಾಗುತ್ತದೆ. ವೈರಿನ ತುದಿಗೆ ಲೋಹದ ಲಗ್ ಒತ್ತಿ ಕ್ರಿಂಪ್ ಮಾಡಿದ ಮೇಲೆ ಪ್ರತಿಯೊಂದನ್ನೂ ಜಗ್ಗಿ ನೋಡಿದೆ. ಒಂದು ಕೈಗೇ ಬಂತು. ಅದನ್ನು ಮತ್ತೆ ಮಾಡಿದೆ.

ಫ್ಯೂಸ್ ಆದಮೇಲೆ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್. ಅದರ ಪಿನ್ನುಗಳಿಗೆ ನಂಬರ್ ಇರುತ್ತದೆ. 30ಕ್ಕೆ ಫ್ಯೂಸ್‌ನಿಂದ ಬಂದ ವೈರು, 87ರಿಂದ ಫ್ಯಾನಿಗೆ. 86ಕ್ಕೆ ಕಾಯಿಲ್‌ನ ಅದೇ ಕಪ್ಪು ವೈರಿನಿಂದ ಕರೆಂಟ್, 85 ಥರ್ಮೋ ಸ್ವಿಚ್ (ಆಯಿಲ್ ಬಿಸಿಯಾದಾಗ ತಾನೇ ಆನ್ ಆಗುವ ಸ್ವಿಚ್) ಮೂಲಕ ಅರ್ಥ್‌ಗೆ, ಅಂದರೆ ಕಾರಿನ ಬಾಡಿಗೆ. ಈಗ ಹಳೇ ವೈರಿನಲ್ಲಿ ಮೊದಲಿಗಿಂತ ಹೆಚ್ಚಾಗಿ ಹರಿಯುವುದು ರಿಲೇಗೆ ಬೇಕಾದ ಅರ್ಧ ಆಂಪಿಯರ್‌ಗಿಂತ ಕಡಿಮೆ ಕರೆಂಟ್ ಅಷ್ಟೇ. ನಿಜವಾದ ಹೊರೆ ಬ್ಯಾಟರಿಯಿಂದ ನೇರವಾಗಿ ಹೋಗುತ್ತದೆ.

ಎಲ್ಲ ಮುಗಿಸಿ ಓಡಿಸಿದೆ. ಆಯಿಲ್ 105 ಡಿಗ್ರಿ ಆಯಿತು, ಫ್ಯಾನ್ ಬರಲಿಲ್ಲ. ಥರ್ಮೋ ಸ್ವಿಚ್ 95ಕ್ಕೆ ಆನ್ ಆಗಬೇಕು. ಫ್ಯೂಸ್ ಸರಿ ಇದೆ, ರಿಲೇ ಸರಿ ಇದೆ. ಅರ್ಧ ಗಂಟೆ ತಲೆ ಕೆಡಿಸಿಕೊಂಡೆ. ನನ್ನ ಸ್ವಿಚ್ ಒಂದೇ ಪಿನ್ನಿನದು, ಅದರ ಮೈಯೇ ಅರ್ಥ್. ಆದರೆ ಅದು ಕೂತಿರುವ ಫಿಟ್ಟಿಂಗ್‌ನ ಎರಡೂ ಕಡೆ ರಬ್ಬರ್ ಹೋಸ್, ಕೂಲರ್ ಕೂತಿರುವುದೂ ರಬ್ಬರ್ ಬುಷ್ ಮೇಲೆ. ಅರ್ಥ್ ಎಲ್ಲಿಂದ ಬರಬೇಕು! ಫಿಟ್ಟಿಂಗ್‌ನಿಂದ ಬಾಡಿಗೆ ಒಂದು ಸಣ್ಣ ವೈರು ಕೊಟ್ಟೆ. ಬಾಡಿ ಕಡೆ ಬಣ್ಣವನ್ನು ತಗಡು ಹೊಳೆಯುವ ತನಕ ಕೆರೆದು, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಸವರಿದೆ. ಫ್ಯಾನ್ ತಕ್ಷಣ ಗುಂಯ್ ಅಂದಿತು. ಎರಡು ಪಿನ್ನಿನ ಸ್ವಿಚ್ ಸಿಕ್ಕರೆ ಅದನ್ನೇ ತಗೊಳ್ಳಿ, ಈ ತಲೆನೋವೇ ಇರುವುದಿಲ್ಲ.

ಫ್ಯಾನಿನ ಎರಡು ವೈರು ಅದಲುಬದಲಾದರೆ ಅದು ಉಲ್ಟಾ ತಿರುಗುತ್ತದೆ. ಕೂಲರ್ ಮುಂದೆ ಪೇಪರ್ ಚೂರು ಹಿಡಿದು ನೋಡಿದೆ, ಜಾಲರಿಗೆ ಅಂಟಿಕೊಂಡಿತು. ನನ್ನ ಫ್ಯಾನ್ ಗಾಳಿ ಎಳೆಯುವ ಕಡೆ ಇರುವುದರಿಂದ ಅದು ಸರಿ. ಕೀ ತೆಗೆದ ಮೇಲೂ ಫ್ಯಾನ್ ಓಡಲಿ ಅಂತ ಕೆಲವರು ಹೇಳುತ್ತಾರೆ. ನನಗೆ ಅದು ಬೇಡ ಅನ್ನಿಸಿತು. ಇಂಜಿನ್ ನಿಂತರೆ ಆಯಿಲ್ ಪಂಪೂ ನಿಲ್ಲುತ್ತದೆ. ಕೂಲರ್‌ನಲ್ಲಿ ಉಳಿದ ಆಯಿಲ್ ತಣ್ಣಗಾದರೆ ಇಂಜಿನ್‌ಗೆ ಏನು ಲಾಭ, ಸುಮ್ನೆ ಬ್ಯಾಟರಿ ಖಾಲಿ.

ಬ್ಯಾಟರಿ ವಿಷಯಕ್ಕೆ ಬಂದರೆ, ನಿಜವಾದ ಕಷ್ಟ ಅದನ್ನು ಚಾರ್ಜ್ ಮಾಡುವ ಡೈನಮೋದು. ನನ್ನದು 30 ಆಂಪಿಯರ್, ಅದೂ ಇಂಜಿನ್ ಚೆನ್ನಾಗಿ ಓಡುವಾಗ. ರಾತ್ರಿ ಹೆಡ್‌ಲೈಟಿಗೆ ಏಳೂವರೆ, ಕಾಯಿಲ್‌ಗೆ ಮೂರು ಚಿಲ್ಲರೆ, ಹಿಂದಿನ ಲೈಟು, ಬ್ರೇಕ್ ಲೈಟು, ಮಳೆ ಬಂದರೆ ವೈಪರ್. ಇದರ ಮೇಲೆ ಫ್ಯಾನಿನ 8 ಸೇರಿದರೆ 27-28 ಆಗುತ್ತದೆ. ಐಡಲಿಂಗ್‌ನಲ್ಲಿ ಡೈನಮೋ ಏನೂ ಕೊಡುವುದಿಲ್ಲ ಅಂದರೂ ಸರಿಯೇ, ಡ್ಯಾಶ್‌ನ ಕೆಂಪು ದೀಪ ಮಿಣಮಿಣ ಅನ್ನುತ್ತದೆ. ಆಗ ಫ್ಯಾನ್ ತಿನ್ನುವುದೆಲ್ಲ ಬ್ಯಾಟರಿಯಿಂದಲೇ. ಅದಕ್ಕೆ 85ರ ವೈರಿನಲ್ಲಿ ಒಂದು ಸಣ್ಣ ಸ್ವಿಚ್ ಸೇರಿಸಿದ್ದೇನೆ. ರಾತ್ರಿ ಮಳೆಯಲ್ಲಿ ಜಾಮ್ ಆದರೆ ಆಯಿಲ್ ಮೀಟರ್ ನೋಡಿಕೊಂಡು ಫ್ಯಾನ್ ನಿಲ್ಲಿಸುತ್ತೇನೆ. ದಿನಾ ಸಿಟಿಯಲ್ಲಿ ಓಡಿಸುವವರಾದರೆ ಡೈನಮೋ ಬದಲು ಐಡಲಿಂಗ್‌ನಲ್ಲೂ ಕರೆಂಟ್ ಕೊಡುವ ಆಲ್ಟರ್ನೇಟರ್ ಹಾಕಿಸುವುದೇ ಒಳ್ಳೆಯದು.

ಹೊಸ ವೈರಿಂಗ್ ಆದಮೇಲೆ ಫ್ಯಾನ್ ಓಡುವಾಗಲೇ ಅಳೆದೆ. ಬ್ಯಾಟರಿಗೂ ಫ್ಯಾನಿಗೂ ನಡುವೆ 0.3 ವೋಲ್ಟ್ ವ್ಯತ್ಯಾಸ. ನಂದಿಯ ಕೊನೆ ತಿರುವುಗಳಲ್ಲಿ ಆಯಿಲ್ 106ಕ್ಕೆ ನಿಂತಿತು.

ಸೀಟು ವಾಪಸ್ ಇಡುವ ಮುಂಚೆ ಇನ್ನೊಂದು ಕೆಲಸ ಮಾಡಿದೆ. ಪಾಸಿಟಿವ್ ಟರ್ಮಿನಲ್ ಮೇಲೆ ಈಗ ಇನ್ನೊಂದು ಲಗ್ ಸೇರಿ ಎತ್ತರ ಜಾಸ್ತಿಯಾಗಿತ್ತು. ಹಿಂದೆ ಭಾರದವರು ಕೂತರೆ ಸೀಟಿನ ಕಬ್ಬಿಣದ ಸ್ಪ್ರಿಂಗ್ ಬಗ್ಗಿ ಅದಕ್ಕೆ ತಾಗಬಹುದು. ಒಳಗಿನ ನಾರಿಗೆ ಬೆಂಕಿ ಹತ್ತಲು ಅಷ್ಟು ಸಾಕು. ದಪ್ಪ ರಬ್ಬರ್ ಶೀಟ್ ಕತ್ತರಿಸಿ ಬ್ಯಾಟರಿಗೆ ಮುಚ್ಚಳ ಮಾಡಿ, ಪಟ್ಟಿ ಹಾಕಿ ಬಿಗಿದು, ಆಮೇಲೆ ಸೀಟು ಕೂರಿಸಿದೆ.