ಬಲ, ಎಡ, ಬಲ, ಬಲ: ಗ್ಲೂಕೋಸ್ ಬರೆಯಲು ಕಲಿಯೋಣ

ಶಿರಸಿ ಕಡೆಯ ಮನೆಗಳಲ್ಲಿ ಜೇನುತುಪ್ಪದ ಬಾಟಲಿ ಇದ್ದೇ ಇರುತ್ತದೆ. ಚಳಿಗೆ ಅದರ ತಳದಲ್ಲಿ ಬಿಳಿ ಹರಳು ಕಟ್ಟಿದರೆ 'ಸಕ್ಕರೆ ಬೆರೆಸಿದ್ದಾರೆ' ಅಂತ ಅನುಮಾನ ಬರುತ್ತದೆ. ಆದರೆ ಶುದ್ಧ ಜೇನೂ ಹರಳುಗಟ್ಟುತ್ತದೆ. ಆ ಹರಳು ಜೇನಿನದೇ ಗ್ಲೂಕೋಸ್. ಮೇಲೆ ತೆಳ್ಳಗೆ ಉಳಿದದ್ದರಲ್ಲಿ ಫ್ರಕ್ಟೋಸ್ ಜಾಸ್ತಿ. ಎರಡರಲ್ಲೂ 6 ಕಾರ್ಬನ್, 12 ಹೈಡ್ರೋಜನ್, 6 ಆಕ್ಸಿಜನ್. ಲೆಕ್ಕ ಒಂದೇ, ಜೋಡಣೆ ಬೇರೆ.

ಪಿಯುಸಿ ಮಕ್ಕಳು ಎಡವುವುದು ಈ ಜೋಡಣೆಯಲ್ಲೇ. ನನ್ನ ಹತ್ತಿರ ಪಾಠಕ್ಕೆ ಬರುವ ಹುಡುಗಿಯೊಬ್ಬಳ ನೋಟ್‌ಬುಕ್ಕಿನಲ್ಲಿ ಅಳಿಸಿ ಅಳಿಸಿ ಹಾಳೆಯೇ ತೂತಾಗಿತ್ತು. ಗ್ಲೂಕೋಸ್, ಮ್ಯಾನೋಸ್, ಗ್ಯಾಲಕ್ಟೋಸ್, ಫ್ರಕ್ಟೋಸ್ ಎಂಬ ನಾಲ್ಕು ಸಕ್ಕರೆಗಳನ್ನು ಬೇರೆ ಬೇರೆಯಾಗಿ ಬಾಯಿಪಾಠ ಮಾಡಿದ್ದಳು. ಅಷ್ಟು ಕಷ್ಟ ಬೇಡ. ಗ್ಲೂಕೋಸ್ ಒಂದು ಸರಿಯಾಗಿ ಬಂದರೆ ಉಳಿದವು ತಾವೇ ಬರುತ್ತವೆ.

ಮೊದಲು ಒಂದು ಉದ್ದ ಗೆರೆ ಎಳೆಯಿರಿ. ಅದಕ್ಕೆ ನಾಲ್ಕು ಅಡ್ಡಗೆರೆ ಹಾಕಿ. ಗೆರೆ ಕೂಡುವ ಒಂದೊಂದು ಜಾಗವೂ ಒಂದು ಕಾರ್ಬನ್. ತುದಿಗೆ ಸಿಎಚ್‌ಒ, ಬುಡಕ್ಕೆ ಸಿಎಚ್2ಒಎಚ್ ಬರೆಯಿರಿ (ಸಿ ಅಂದರೆ ಕಾರ್ಬನ್, ಎಚ್ ಹೈಡ್ರೋಜನ್, ಒ ಆಕ್ಸಿಜನ್). ಮೇಲಿನಿಂದ ಎಣಿಸಿದರೆ ಒಟ್ಟು ಆರು ಕಾರ್ಬನ್ ಆಯಿತು.

ಈಗ ಎರಡನೆಯ ಕಾರ್ಬನ್‌ನಿಂದ ಒಎಚ್ ಇಡುತ್ತಾ ಬನ್ನಿ: ಬಲ, ಎಡ, ಬಲ, ಬಲ. ಎದುರು ಬದಿಗೆಲ್ಲ ಹೈಡ್ರೋಜನ್. ಮದ್ದಳೆಯವರು ಬಾಯಲ್ಲಿ ಹೇಳುತ್ತಾ ಕೈ ಕೂರಿಸಿಕೊಳ್ಳುವಂತೆ ನೀವೂ ಮೇಜಿನ ಮೇಲೆ ಎರಡೂ ಕೈಯಿಂದ ತಟ್ಟುತ್ತಾ ಹೇಳಿ. ಆ ಹುಡುಗಿಗೆ ಹತ್ತೇ ನಿಮಿಷದಲ್ಲಿ ಕೂತಿತು.

ಇದು ಫಿಶರ್ ಚಿತ್ರ. ಸಕ್ಕರೆಗಳ ರಚನೆ ಬಿಡಿಸಿದ ಎಮಿಲ್ ಫಿಶರ್‌ಗೆ 1902ರಲ್ಲಿ ನೊಬೆಲ್ ಬಂತು. ಇಲ್ಲಿ ಅಡ್ಡಗೆರೆಗಳು ನಮ್ಮ ಕಡೆಗೆ ಚಾಚಿವೆ, ಉದ್ದಗೆರೆ ಹಿಂದಕ್ಕೆ ಸರಿದಿದೆ. ಹಾಗಾಗಿ ಚಿತ್ರವನ್ನು ಕಾಲು ಸುತ್ತು ತಿರುಗಿಸಬಾರದು, ದೋಸೆ ಮಗುಚಿದಂತೆ ಮಗುಚಲೂಬಾರದು. ಅರ್ಥವೇ ಬದಲಾಗುತ್ತದೆ.

ಇನ್ನು ಹೋಲಿಕೆ. ಎರಡನೆಯ ಕಾರ್ಬನ್‌ನ ಒಎಚ್ ಒಂದನ್ನೇ ಎಡಕ್ಕೆ ಹಾಕಿದರೆ ಮ್ಯಾನೋಸ್. ನಾಲ್ಕನೆಯ ಕಾರ್ಬನ್‌ನದನ್ನು ಮಾತ್ರ ಎಡಕ್ಕೆ ಹಾಕಿದರೆ ಗ್ಯಾಲಕ್ಟೋಸ್. ಹೀಗೆ ಒಂದೇ ಕಾರ್ಬನ್‌ನಲ್ಲಿ ವ್ಯತ್ಯಾಸ ಇರುವ ಜೋಡಿಗೆ ಎಪಿಮರ್ ಎನ್ನುತ್ತಾರೆ. ಫ್ರಕ್ಟೋಸ್‌ಗೆ ಮೇಲಿನ ಎರಡು ಕಾರ್ಬನ್ ಮಾತ್ರ ಬದಲು: ತುದಿಯಲ್ಲಿ ಸಿಎಚ್2ಒಎಚ್, ಎರಡನೆಯದರಲ್ಲಿ ಕೀಟೋನ್, ಅಂದರೆ ಆಕ್ಸಿಜನ್‌ಗೆ ಜೋಡಿಗೆರೆ. ಕೆಳಗೆ ಅದೇ ಎಡ, ಬಲ, ಬಲ. ಗ್ಲೂಕೋಸ್, ಮ್ಯಾನೋಸ್, ಫ್ರಕ್ಟೋಸ್ ಮೂರೂ ಫಿನೈಲ್‌ಹೈಡ್ರಜೀನ್ ಎಂಬ ರಾಸಾಯನಿಕದ ಜೊತೆ ಓಸಜೋನ್ ಎಂಬ ಒಂದೇ ಹಳದಿ ಹರಳು ಕೊಡುವುದು ಇದಕ್ಕೇ. ಮೇಲಿನ ಎರಡು ಕಾರ್ಬನ್‌ಗಳ ವ್ಯತ್ಯಾಸ ಆ ಕ್ರಿಯೆಯಲ್ಲಿ ಅಳಿಸಿಹೋಗುತ್ತದೆ. ನನಗೆ ಈ ಪಾಠದಲ್ಲಿ ತುಂಬಾ ಇಷ್ಟವಾದ ಜಾಗ ಇದು.

ನೀರಿನಲ್ಲಿ ಗ್ಲೂಕೋಸ್ ಹೆಚ್ಚಾಗಿ ಉಂಗುರವಾಗಿಯೇ ಇರುತ್ತದೆ. ಐದನೆಯ ಕಾರ್ಬನ್‌ನ ಒಎಚ್ ಬಾಗಿ ಮೊದಲನೆಯದನ್ನು ಹಿಡಿಯುತ್ತದೆ. ಮಲಗಿಸಿಟ್ಟಂತೆ ಆರು ಮೂಲೆಯ ಉಂಗುರ ಎಳೆದು, ಬಲಗಡೆ ಹಿಂದಿನ ಮೂಲೆಗೆ ಆಕ್ಸಿಜನ್ ಇಡಿ. ಅದರ ಪಕ್ಕ, ಬಲತುದಿಯಲ್ಲಿ ಮೊದಲ ಕಾರ್ಬನ್. ಅಲ್ಲಿಂದ ಗಡಿಯಾರದ ಮುಳ್ಳಿನಂತೆ ಎಣಿಸಿ. ಫಿಶರ್‌ನಲ್ಲಿ ಬಲಕ್ಕಿದ್ದದ್ದು ಕೆಳಗೆ, ಎಡಕ್ಕಿದ್ದದ್ದು ಮೇಲೆ. ಸಿಎಚ್2ಒಎಚ್ ಐದನೆಯದರ ಮೇಲಕ್ಕೆ.

ಮೊದಲ ಕಾರ್ಬನ್‌ನ ಒಎಚ್ ಕೆಳಗಿದ್ದರೆ ಆಲ್ಫಾ, ಮೇಲಿದ್ದರೆ ಬೀಟಾ. ಕರಗಿಸಿಟ್ಟ ನೀರಿನಲ್ಲಿ ಸುಮಾರು 36 ಪಾಲು ಆಲ್ಫಾ, 64 ಪಾಲು ಬೀಟಾ ಇರುತ್ತದೆ. ಬರೆದಾದ ಮೇಲೆ ಆ ಉಂಗುರದಲ್ಲಿ ನಾಲ್ಕನೆಯ ಕಾರ್ಬನ್‌ನ ಒಎಚ್ ಒಂದನ್ನು ಮೇಲಕ್ಕೆ ಎತ್ತಿ ನೋಡಿ. ಗ್ಯಾಲಕ್ಟೋಸ್ ಆಯಿತು, ಅಲ್ವಾ?