ಮಕ್ಕಳ ಜೊತೆ ಕ್ರೂಸ್: ಮೂರನೇ ಹಾಸಿಗೆಯ ಲೆಕ್ಕ

ಸಿಂಗಪುರದಿಂದ ಹೊರಟು ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ನೋಡಿಕೊಂಡು ಮರಳುವ ನಾಲ್ಕು ರಾತ್ರಿಯ ಕ್ರೂಸ್, ಅಂದರೆ ಹಡಗಿನ ಪ್ರವಾಸ, ಮುಗಿಸಿ ಬಂದಾಗಿನಿಂದ ನೆಂಟರು, ಆಫೀಸಿನವರು, ಮಗಳ ಸ್ಕೂಲಿನ ಅಮ್ಮಂದಿರು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: “ಮಕ್ಕಳಿಗೆ ಎಷ್ಟಾಯ್ತು? ಫ್ರೀ ಅಂತಾರಲ್ಲ?” ನಾವು ಹೋಗಿದ್ದು ಐದು ಜನ. ನಾನು, ನಮ್ಮವರು, ಎಂಟು ವರ್ಷದ ಮಗಳು, ಆಗಷ್ಟೇ ಮೂರು ತುಂಬಿದ್ದ ಮಗ, ಮತ್ತು ನಮ್ಮತ್ತೆ. ಹಣ ಕಟ್ಟುವ ಮುಂಚೆ ಏಜೆಂಟರ ಹತ್ತಿರ ಒಬ್ಬೊಬ್ಬರ ಹೆಸರಿನ ಮುಂದೆ ಒಂದೊಂದು ಬಾಬತ್ತನ್ನೂ ಬಿಡಿಸಿ ಬರೆಸಿಕೊಂಡಿದ್ದೆ. ಆ ಹಾಳೆ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ತಿಳಿದುಕೊಳ್ಳಬೇಕಾದದ್ದು ಇದು. ದೊಡ್ಡ ಕ್ರೂಸ್ ಕಂಪನಿಗಳ ದರ ಒಂದು ಕ್ಯಾಬಿನ್‌ಗೆ, ಅಂದರೆ ಹಡಗಿನ ಕೋಣೆಗೆ, ಇಬ್ಬರು ಎಂಬ ಲೆಕ್ಕದಲ್ಲಿರುತ್ತದೆ. ಮೊದಲ ಇಬ್ಬರು ಪೂರ್ತಿ ಟಿಕೆಟ್ ಕೊಡಬೇಕು. ಅದೇ ಕ್ಯಾಬಿನ್‌ನಲ್ಲಿ ಮಲಗುವ ಮೂರನೆಯವರಿಗೆ, ನಾಲ್ಕನೆಯವರಿಗೆ ದರ ಕಡಿಮೆ. ಆ ಮೂರನೆಯವರು ಎಂಟು ವರ್ಷದವರೋ ಎಂಬತ್ತು ವರ್ಷದವರೋ ಎಂಬುದನ್ನು ಸಾಮಾನ್ಯವಾಗಿ ನೋಡುವುದಿಲ್ಲ. ಅಂದರೆ ರಿಯಾಯಿತಿ ಸಿಗುವುದು ಮೂರನೇ ಹಾಸಿಗೆಗೆ. “ಮಕ್ಕಳಿಗೆ ಉಚಿತ” ಎಂಬ ಆಫರ್ ಬಂದಾಗಲೂ ಹೆಚ್ಚಾಗಿ ಅದು ಮೂರನೇ ಮತ್ತು ನಾಲ್ಕನೇ ಹಾಸಿಗೆಯಲ್ಲಿರುವ, ಹನ್ನೆರಡು ವರ್ಷ ದಾಟದ ಮಕ್ಕಳಿಗೆ ಮಾತ್ರ. ನನ್ನ ಜೊತೆ ಕೆಲಸ ಮಾಡುವವರೊಬ್ಬರು ಮಗಳೊಬ್ಬಳನ್ನೇ ಕರೆದುಕೊಂಡು ಹೋಗಿದ್ದರು. ಕ್ಯಾಬಿನ್‌ನಲ್ಲಿ ಇದ್ದವರು ಇಬ್ಬರೇ, ಹಾಗಾಗಿ ಆರು ವರ್ಷದ ಹುಡುಗಿಗೂ ದೊಡ್ಡವರ ಪೂರ್ತಿ ಟಿಕೆಟ್.

ನಮ್ಮ ಐದು ಜನರನ್ನು ಎರಡು ಕ್ಯಾಬಿನ್‌ಗೆ ಹಂಚುವಾಗ ಇದು ದೊಡ್ಡ ವಿಷಯವಾಯಿತು. ಏಜೆಂಟರು ಮೊದಲು ಕೊಟ್ಟ ಕೊಟೇಶನ್‌ನಲ್ಲಿ ನಾವು ನಾಲ್ವರೂ ಒಂದು ಕ್ಯಾಬಿನ್, ಅತ್ತೆಗೆ ಪಕ್ಕದ್ದು. ನೋಡಲು ಅಚ್ಚುಕಟ್ಟು. ಆದರೆ ಒಬ್ಬರೇ ಇರುವ ಕ್ಯಾಬಿನ್‌ಗೆ ಸಾಮಾನ್ಯವಾಗಿ ಇಬ್ಬರ ದುಡ್ಡು ತೆಗೆದುಕೊಳ್ಳುತ್ತಾರೆ. ಆಗ ಲೆಕ್ಕ ಹೀಗೆ: ನಮ್ಮಿಬ್ಬರದು ಎರಡು ಪೂರ್ತಿ ಟಿಕೆಟ್, ಮಕ್ಕಳದು ಎರಡು ಕಡಿಮೆ ದರದ ಟಿಕೆಟ್, ಅತ್ತೆಯ ಕ್ಯಾಬಿನ್‌ಗೆ ಮತ್ತೆ ಎರಡು ಪೂರ್ತಿ. ಬದಲಿಗೆ ನಾನು, ಅತ್ತೆ, ಮಗಳು ಒಂದು ಕಡೆ, ನಮ್ಮವರು ಮತ್ತು ಮಗ ಇನ್ನೊಂದು ಕಡೆ ಎಂದು ಬರೆಸಿದರೆ ನಾಲ್ಕು ಪೂರ್ತಿ, ಒಂದೇ ಒಂದು ಕಡಿಮೆ ದರದ್ದು. ಮಗನಿಗೆ ಪೂರ್ತಿ ಟಿಕೆಟ್ ಬಿದ್ದರೂ ಒಟ್ಟಿನಲ್ಲಿ ಒಂದು ಮೂರನೇ ಹಾಸಿಗೆಯ ದುಡ್ಡು ಉಳಿಯಿತು. ನಾವು ಹೋದ ತಾರೀಖಿಗೆ ಮಕ್ಕಳ ಆಫರ್ ಇರಲಿಲ್ಲ. ಇದ್ದಿದ್ದರೆ ಎರಡೂ ಹಂಚಿಕೆ ಸಮಸಮ ಆಗುತ್ತಿತ್ತು, ಅನುಕೂಲ ನೋಡಿಕೊಂಡು ಆರಿಸಿಕೊಳ್ಳಬಹುದಿತ್ತು. ಎಲ್ಲಕ್ಕಿಂತ ಅಗ್ಗವೆಂದರೆ ಐದು ಜನ ಹಿಡಿಸುವ ಫ್ಯಾಮಿಲಿ ಕ್ಯಾಬಿನ್, ಆದರೆ ಅಂಥವು ಹಡಗಿನಲ್ಲಿ ಇರುವುದೇ ಕೆಲವು.

ಹೆಸರು ಯಾವ ಕ್ಯಾಬಿನ್‌ಗೆ ಬರೆದಿದೆ ಎಂಬುದಕ್ಕೂ ರಾತ್ರಿ ಯಾರು ಎಲ್ಲಿ ಮಲಗುತ್ತಾರೆ ಎಂಬುದಕ್ಕೂ ಸಂಬಂಧವಿಲ್ಲ. ಮಧ್ಯೆ ಬಾಗಿಲಿರುವ ಜೋಡಿ ಕ್ಯಾಬಿನ್ ಕೇಳಿ ಪಡೆದೆವು. ಹಡಗು ಹತ್ತಿದ ಮೇಲೆ ಗೆಸ್ಟ್ ಸರ್ವಿಸಸ್ ಕೌಂಟರ್‌ನಲ್ಲಿ ಹೇಳಿದರೆ ಎರಡೂ ಬಾಗಿಲಿಗೆ ಕಾರ್ಡ್ ಮಾಡಿಕೊಡುತ್ತಾರೆ. ಮಗ ಅಜ್ಜಿಯನ್ನು ಬಿಟ್ಟು ಮಲಗಲಿಲ್ಲ. ಮಗಳಿಗೆ ಚಾವಣಿಯಿಂದ ಇಳಿಯುವ ಹಾಸಿಗೆ. ಕ್ಯಾಬಿನ್ ನೋಡಿಕೊಳ್ಳುವ ಅಣ್ಣ ಸಂಜೆ ಬಂದು ಕೀಲಿ ತಿರುಗಿಸಿ ಅದನ್ನು ಕೆಳಗಿಳಿಸಿ, ಏಣಿ ಸಿಕ್ಕಿಸಿ, ಬೆಳಿಗ್ಗೆ ನಾವು ತಿಂಡಿಗೆ ಹೋದಾಗ ಮತ್ತೆ ಮೇಲೆ ಮಡಚಿಡುತ್ತಿದ್ದರು.

ಇನ್ನು ಟಿಕೆಟ್ ಉಚಿತವಾದರೂ ತಪ್ಪದ ಬಾಬತ್ತುಗಳು. ಬಂದರು ಶುಲ್ಕ ಮತ್ತು ತೆರಿಗೆ ಮಕ್ಕಳಿಗೂ ಉಂಟು. ಸಿಬ್ಬಂದಿಗೆ ಹೋಗುವ ಗ್ರ್ಯಾಚುಯಿಟಿ, ಅಂದರೆ ದಿನದ ಟಿಪ್ಸ್, ಅದೂ ತಲೆಗಿಷ್ಟು. ನಾವು ಹೋದದ್ದು ರಾಯಲ್ ಕೆರಿಬಿಯನ್ ಕಂಪನಿಯ ಹಡಗಿನಲ್ಲಿ. ಅಲ್ಲಿ ಆಗ ಸಾಮಾನ್ಯ ಕ್ಯಾಬಿನ್‌ಗೆ ಒಬ್ಬರಿಗೆ ದಿನಕ್ಕೆ 18.50 ಅಮೆರಿಕನ್ ಡಾಲರ್ ಇತ್ತು, ವಯಸ್ಸಿನ ವಿನಾಯಿತಿ ಇಲ್ಲ. ಇಬ್ಬರು ಮಕ್ಕಳಿಗೆ ನಾಲ್ಕು ರಾತ್ರಿಗೆ 148 ಡಾಲರ್, ಆಗಿನ ಲೆಕ್ಕಕ್ಕೆ ಹೆಚ್ಚುಕಡಿಮೆ ಹನ್ನೆರಡೂವರೆ ಸಾವಿರ ರೂಪಾಯಿ. ಕಾರ್ನಿವಲ್‌ನಲ್ಲಿ ಎರಡು ವರ್ಷದೊಳಗಿನ ಮಗುವಿಗೆ ಈ ಟಿಪ್ಸ್ ಇಲ್ಲ, ನಾರ್ವೀಜಿಯನ್‌ನಲ್ಲಿ ಮೂರರೊಳಗೆ ಇಲ್ಲ. ಕಂಪನಿ ಆರಿಸುವಾಗ ಕೇಳಿಯೇ ಬಿಡಿ. ಕೊಟ್ಟ ಹಣದ ಬಗ್ಗೆ ನನಗೆ ಬೇಸರವಿಲ್ಲ. ಮಕ್ಕಳಿದ್ದ ಕ್ಯಾಬಿನ್ ಚೊಕ್ಕ ಮಾಡುವುದು ದೊಡ್ಡವರ ಕ್ಯಾಬಿನ್‌ಗಿಂತ ಹೆಚ್ಚಿನ ಕೆಲಸ ಎಂದು ಮನೆ ನಡೆಸುವ ಯಾರಿಗೂ ಗೊತ್ತು. ಆದರೆ ಬಜೆಟ್‌ನಲ್ಲಿ ಅದಕ್ಕೊಂದು ಸಾಲು ಇರಲೇಬೇಕು.

ವಯಸ್ಸಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಲ್ಲಿ ವಿಮಾನದ ಲೆಕ್ಕ ಒಂದು, ಹಡಗಿನ ಲೆಕ್ಕ ಇನ್ನೊಂದು. ವಿಮಾನದಲ್ಲಿ ಎರಡು ವರ್ಷದೊಳಗಿನ ಮಗು ಮಡಿಲಲ್ಲಿ ಕೂರುತ್ತದೆ, ಖರ್ಚು ಕಡಿಮೆ. ಎರಡು ದಾಟಿದರೆ ಬೇರೆ ಸೀಟು. “ಎರಡು ತುಂಬುವ ಮೊದಲೇ ಹೋಗಿಬನ್ನಿ, ಒಂದು ಟಿಕೆಟ್ ಉಳಿಯುತ್ತೆ” ಎಂದು ನಮಗೂ ಹೇಳಿದವರಿದ್ದರು. ನಾವು ಬೇಕೆಂದೇ ಕಾದೆವು. ಹಡಗಿನಲ್ಲಿ ಕೈಗೂಸು ಕೂಡ ಒಬ್ಬ ಪ್ರಯಾಣಿಕ. ಲೈಫ್‌ಬೋಟ್‌ನಲ್ಲಿ ಅದಕ್ಕೂ ಜಾಗ ಬೇಕು, ಆದ್ದರಿಂದ ಇಬ್ಬರ ಕ್ಯಾಬಿನ್‌ನಲ್ಲಿ ಮೂರನೆಯದಾಗಿ ಮಗುವನ್ನು ಹಾಗೇ ಸೇರಿಸಿಕೊಳ್ಳಲು ಬಿಡುವುದಿಲ್ಲ. ಆರು ತಿಂಗಳು ತುಂಬಿರಬೇಕು, ದಿನಗಟ್ಟಲೆ ದಡ ಮುಟ್ಟದ ದೂರದ ಪಯಣಗಳಿಗೆ ಒಂದು ವರ್ಷ. ಡೈಪರ್ ಹಾಕುವ ಮಗುವನ್ನು, ಈಜುವ ಡೈಪರ್ ಆದರೂ, ಈಜುಕೊಳಕ್ಕೆ ಇಳಿಸುವಂತಿಲ್ಲ. ಹಡಗಿನವರೇ ಮಕ್ಕಳನ್ನು ಆಡಿಸಿ ನೋಡಿಕೊಳ್ಳುವ ಮಕ್ಕಳ ಕ್ಲಬ್ಬಿಗೆ ಮೂರು ವರ್ಷ ಆಗಿರಬೇಕು, ಬಾತ್‌ರೂಮ್ ಅಭ್ಯಾಸವೂ ಆಗಿರಬೇಕು. ಅದಕ್ಕಿಂತ ಚಿಕ್ಕವರಿಗೆ ನರ್ಸರಿ ಇರುವ ಹಡಗುಗಳಿವೆ, ಆದರೆ ಗಂಟೆಗಿಷ್ಟು ಎಂದು ದುಡ್ಡು ಕೊಡಬೇಕು. ಒಂದೂವರೆ ವರ್ಷದ ಮಗನನ್ನು ಒಯ್ದಿದ್ದರೆ ವಿಮಾನದಲ್ಲಿ ಉಳಿಸಿ, ಹಡಗಿನಲ್ಲಿ ಅವನಿಗೆ ಯಾವುದರ ಪ್ರಯೋಜನವೂ ಸಿಗದೆ, ಅವನ ಹಿಂದೆ ಓಡಾಡುತ್ತ ನಮಗೂ ಸಿಗದೆ ಬರುತ್ತಿದ್ದೆವು.

ಮೂರು ತುಂಬಿದ ಮಕ್ಕಳಿಗೆ ಕ್ಲಬ್ ಹಗಲಿಡೀ ಉಚಿತ, ರಾತ್ರಿ ಹತ್ತರವರೆಗೂ ಉಂಟು, ಆಮೇಲೆ ಗಂಟೆ ಲೆಕ್ಕ. ನಮ್ಮ ಮಕ್ಕಳಿಬ್ಬರದೂ ಅದಕ್ಕೆ ಒಳ್ಳೆ ವಯಸ್ಸು. ಮೊದಲ ದಿನವೇ ಹೋಗಿ ಹೆಸರು ಬರೆಸಿದೆ. ಯಾವ ಆಹಾರ ಆಗುವುದಿಲ್ಲ, ಯಾರು ಕರೆದೊಯ್ಯಲು ಬರುತ್ತಾರೆ ಎಲ್ಲ ಕೇಳಿ ಬರೆದುಕೊಂಡರು. ತುರ್ತು ಬಂದರೆ ಸೇರಬೇಕಾದ ಜಾಗದ ಸಂಖ್ಯೆ ಇರುವ ಪಟ್ಟಿಯನ್ನು ಮಕ್ಕಳ ಕೈಗೆ ಕಟ್ಟಿದರು. ಅದನ್ನು ನೋಡಿದ ಮೇಲೆಯೇ ಅತ್ತೆಯ ಮುಖದಲ್ಲಿ ಸಮಾಧಾನ ಕಂಡದ್ದು.

ಕಾಗದಪತ್ರದ ಖರ್ಚಿನಲ್ಲಿ ಮಗುವೆಂದು ಹೆಚ್ಚು ರಿಯಾಯಿತಿ ಇಲ್ಲ. ಅಪ್ರಾಪ್ತರ ಪಾಸ್‌ಪೋರ್ಟ್‌ಗೆ 1,000 ರೂಪಾಯಿ. ಎಂಟು ವರ್ಷದೊಳಗಿನವರ ಹೊಸ ಪಾಸ್‌ಪೋರ್ಟ್‌ಗೆ ಶೇ 10 ಕಡಿಮೆ. ಅವಧಿ ಐದೇ ವರ್ಷ, ಹಾಗಾಗಿ ಮೂರು ವರ್ಷಕ್ಕೆ ಮಾಡಿಸಿದ್ದ ಮಗಳ ಪಾಸ್‌ಪೋರ್ಟ್ ಅವಧಿ ಮುಗಿಯುವುದರಲ್ಲಿತ್ತು. ಕನಿಷ್ಠ ಆರು ತಿಂಗಳು ಅವಧಿ ಉಳಿದಿರಬೇಕಾದ್ದರಿಂದ ಇಬ್ಬರದೂ ಒಟ್ಟಿಗೆ ಲಾಲ್‌ಬಾಗ್ ರಸ್ತೆಯ ಸೇವಾ ಕೇಂದ್ರದಲ್ಲಿ ಮಾಡಿಸಿದೆವು. ನಾಲ್ಕು ವರ್ಷದೊಳಗಿನ ಮಗುವಿಗೆ ಬಿಳಿ ಹಿನ್ನೆಲೆಯ ಫೋಟೋ ನಾವೇ ಒಯ್ಯಬೇಕು. ಸಿಂಗಪುರ ವೀಸಾಕ್ಕೆ ದೊಡ್ಡವರಿಗೂ ಮಕ್ಕಳಿಗೂ ಒಂದೇ ಶುಲ್ಕ, 30 ಸಿಂಗಪುರ ಡಾಲರ್, ಮೇಲೆ ಏಜೆಂಟರದ್ದು. ಹಡಗು ಹೊರಗೆ ಹೋಗಿ ಮತ್ತೆ ಸಿಂಗಪುರಕ್ಕೇ ಬರುವುದರಿಂದ ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶಕ್ಕೆ ಅವಕಾಶ ಇರುವ ವೀಸಾನೇ ಬೇಕು. ಪ್ಯಾಕೇಜ್ ಮೇಲೆ ಹಣ ಕಟ್ಟುವಾಗಲೇ ಹಿಡಿಯುವ ತೆರಿಗೆ, ಅಂದರೆ ಟಿಸಿಎಸ್, ಆಮೇಲೆ ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದುತ್ತದೆ, ಆದರೆ ಕೈಯಲ್ಲಿ ಆ ದುಡ್ಡು ಮೊದಲೇ ಇರಬೇಕು.

ಸ್ಕೂಲಿಗೆ ಹೋಗುವ ಮಗು ಇದ್ದರೆ ತಾರೀಖನ್ನೂ ಮಗುವೇ ನಿರ್ಧರಿಸುತ್ತದೆ. ಇಲ್ಲಿ ನಮಗೊಂದು ಅನುಕೂಲವಿದೆ. ಸಿಂಗಪುರದ ಶಾಲೆಗಳಿಗೆ ದೊಡ್ಡ ರಜೆ ಜೂನ್‌ನಲ್ಲಿ, ಆಮೇಲೆ ನವೆಂಬರ್ ಕೊನೆಯಿಂದ ಡಿಸೆಂಬರ್‌ಗೆ. ನಮ್ಮ ಬೇಸಿಗೆ ರಜೆ ಏಪ್ರಿಲ್, ಮೇ. ನಾವು ಏಪ್ರಿಲ್ ಕೊನೆಯನ್ನೂ ಜೂನ್ ಮೊದಲ ವಾರವನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ಏಪ್ರಿಲ್‌ನದು ಸ್ಪಷ್ಟವಾಗಿ ಕಡಿಮೆ ಇತ್ತು.

ಸಿಂಗಪುರದೊಳಗೆ ಓಡಾಡುವಾಗ ಒಂದು ಗಮನದಲ್ಲಿರಲಿ. 1.35 ಮೀಟರ್‌ಗಿಂತ ಗಿಡ್ಡ ಇರುವ ಮಕ್ಕಳಿಗೆ ಕಾರಿನಲ್ಲಿ ಚೈಲ್ಡ್ ಸೀಟ್ ಕಡ್ಡಾಯ. ಮೀಟರ್ ಟ್ಯಾಕ್ಸಿಗೆ ಮಾತ್ರ ವಿನಾಯಿತಿ. ಆ್ಯಪ್‌ನಲ್ಲಿ ಬರುವ ಖಾಸಗಿ ಕಾರಿಗೆ ಆ ವಿನಾಯಿತಿ ಇಲ್ಲ, ಸೀಟ್ ಇರುವ ಗಾಡಿಗೆ ಹೆಚ್ಚು ಕೊಡಬೇಕು. ನಾವು ಏರ್‌ಪೋರ್ಟ್‌ನ ಟ್ಯಾಕ್ಸಿ ಸಾಲಿನಲ್ಲೇ ನಿಂತು ದೊಡ್ಡ ಗಾಡಿ ಹಿಡಿದೆವು.

ಹಡಗು ಹತ್ತಿದ ಮೇಲೆ ಮಕ್ಕಳಿಗೆ ಖರ್ಚು ಮಾಡದೆ ಇರಲು ಸಾಧ್ಯ. ಊಟ ತಿಂಡಿ ಟಿಕೆಟ್‌ನಲ್ಲೇ ಬಂತು. ಮಗ ಬಫೆಯಲ್ಲಿ ಬಿಳಿ ಅನ್ನ, ಸಪ್ಪೆ ಮೊಸರು ಕಂಡೊಡನೆ ಅಲ್ಲೇ ನೆಲೆ ನಿಂತ. ಅತ್ತೆ ಎರಡನ್ನೂ ಒಂದೇ ಬಟ್ಟಲಿಗೆ ಹಾಕಿ ಚಮಚದ ಹಿಂಬದಿಯಲ್ಲಿ ಹಿಸುಕಿ, ಉಪ್ಪಿನ ಪೊಟ್ಟಣ ಒಡೆದು ಹಾಕಿ ಕೊಡುತ್ತಿದ್ದರು. ಹೊರಗಿಂದ ಮನೆ ಅಡುಗೆ ಒಯ್ಯುವಂತಿಲ್ಲ, ಕೆಟಲ್, ಕುಕ್ಕರ್ ತಪಾಸಣೆಯಲ್ಲೇ ಎತ್ತಿಡುತ್ತಾರೆ. ಸೀಲ್ ಮಾಡಿದ ಬಿಸ್ಕತ್ತು, ಚಟ್ನಿಪುಡಿ ಪೊಟ್ಟಣಕ್ಕೆ ಯಾರೂ ತಕರಾರು ಮಾಡಲಿಲ್ಲ. ದುಡ್ಡು ಹೋಗುವ ಜಾಗಗಳು ಬೇರೆ. ಕ್ಯಾನ್ ಪಾನೀಯಗಳು, ಬ್ರ್ಯಾಂಡ್ ಐಸ್‌ಕ್ರೀಮ್, ಇಂಟರ್‌ನೆಟ್, ವಿಡಿಯೋ ಗೇಮ್ ಆಡುವ ಆರ್ಕೇಡ್. ಕೊನೆಯದು ಜೇಬಿಗೆ ಅಪಾಯ, ಏಕೆಂದರೆ ಮಗುವಿನ ಕೈಯಲ್ಲಿರುವ ಕ್ಯಾಬಿನ್ ಕಾರ್ಡನ್ನೇ ಮಿಷನ್‌ಗೆ ತೋರಿಸಿ ಆಡಬಹುದು, ಬಿಲ್ ನಮ್ಮ ಖಾತೆಗೆ. ಮಗಳ ಕಾರ್ಡಿನಿಂದ ಖರ್ಚು ಮಾಡಲು ಆಗದಂತೆ ಮೊದಲ ದಿನವೇ ಕೌಂಟರ್‌ನಲ್ಲಿ ಹೇಳಿ ಮಾಡಿಸಿದೆ. ಸಿನಿಮಾ, ಹಾಡು ಮನೆಯಲ್ಲೇ ಟ್ಯಾಬ್‌ಗೆ ಇಳಿಸಿಕೊಂಡಿದ್ದೆ, ಇಂಟರ್‌ನೆಟ್ ಒಂದೇ ಫೋನಿಗೆ ತೆಗೆದುಕೊಂಡೆವು. ಆಸ್ಪತ್ರೆ ಹಡಗಿನಲ್ಲೇ ಇದೆ, ಆದರೆ ಡಾಕ್ಟರ್ ಫೀಸು ದುಬಾರಿ. ಟ್ರಾವೆಲ್ ಇನ್ಶೂರೆನ್ಸ್‌ನಲ್ಲಿ ಮಕ್ಕಳ ಹೆಸರು ಬಿಡಬೇಡಿ, ವಾಂತಿ ಜ್ವರದ ಔಷಧಿ ನಿಮ್ಮ ಮಕ್ಕಳ ಡಾಕ್ಟರ ಚೀಟಿ ಸಮೇತ ಇಟ್ಟುಕೊಳ್ಳಿ.

ಬಂದರಿನಲ್ಲಿ ಇಳಿದು ನೋಡುವ ಪ್ರವಾಸಗಳಿಗೆ ಹಡಗಿನವರು ಮಕ್ಕಳಿಗೂ ಟಿಕೆಟ್ ಇಟ್ಟಿರುತ್ತಾರೆ. ಪೆನಾಂಗ್‌ನಲ್ಲಿ ಅದರ ಅಗತ್ಯ ಬೀಳಲಿಲ್ಲ. ಹಡಗು ನಿಲ್ಲುವುದೇ ಜಾರ್ಜ್‌ಟೌನ್ ಊರಿನ ಅಂಚಿಗೆ. ಮಲೇಷ್ಯಾಕ್ಕೆ ಭಾರತೀಯರಿಗೆ ಸದ್ಯ ವೀಸಾ ಬೇಡ. ಹಡಗುಕಟ್ಟೆಯಿಂದ ನಡೆದೇ ಲಿಟಲ್ ಇಂಡಿಯಾಗೆ ಹೋಗಿ ದೋಸೆ ತಿಂದು, ಅರ್ಮೇನಿಯನ್ ಸ್ಟ್ರೀಟ್‌ನ ಗೋಡೆಯ ಮೇಲಿರುವ, ಸೈಕಲ್ ಏರಿದ ಇಬ್ಬರು ಮಕ್ಕಳ ಚಿತ್ರದ ಮುಂದೆ ನಮ್ಮ ಮಕ್ಕಳಿಬ್ಬರನ್ನು ನಿಲ್ಲಿಸಿ ಫೋಟೋ ತೆಗೆದು ಮರಳಿದೆವು.

ಈಗ ನನ್ನ ತಂಗಿ ಹೊರಟಿದ್ದಾಳೆ, ಏಳು ವರ್ಷದ ಮಗನ ಜೊತೆ. ಗಂಡನಿಗೆ ರಜೆ ಇಲ್ಲ. ಇಬ್ಬರೇ ಹೋದರೆ ಹುಡುಗನಿಗೆ ಪೂರ್ತಿ ಟಿಕೆಟ್ ಎಂದು ಹೇಳಿದೆ. ಅವಳ ನಾದಿನಿಗೂ ಬರುವ ಆಸೆ ಇತ್ತಂತೆ. ಇಬ್ಬರು ಹೆಂಗಸರು ಮೊದಲ ಎರಡು ಹಾಸಿಗೆಗೆ, ಹುಡುಗ ಮೂರನೆಯದಕ್ಕೆ ಎಂದು ಬರೆಸಿ, ಮಕ್ಕಳ ಆಫರ್ ಇರುವ ತಾರೀಖು ಕೇಳಲು ಏಜೆಂಟರಿಗೆ ಹೇಳಿದ್ದಾಳೆ. ಅಪ್ಪ ಜೊತೆಗಿಲ್ಲದ ಕಾರಣ ಆತನ ಒಪ್ಪಿಗೆ ಪತ್ರವನ್ನು ನೋಟರಿ ಮಾಡಿಸಿ ಇಟ್ಟುಕೊ ಎಂದೂ ಹೇಳಿದ್ದೇನೆ.